ಕರೆದರೆ ಬರುವ ಹರಿಗೋಲು

ನಾನು ಒಂದು ಹರಿಗೋಲು. ಬುಟ್ಟಿಯಲ್ಲ, ತೊಟ್ಟಿಲಲ್ಲ, ದೀಪದ ಗುಮ್ಮಟ ಅಂತೂ ಖಂಡಿತ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈಗ ನಾನಿರುವ ಜಾಗದಲ್ಲಿ ನನ್ನನ್ನು ತಲೆ ಎತ್ತಿ ನೋಡುವವರೆಲ್ಲ ಈ ಮೂರರಲ್ಲಿ ಒಂದನ್ನು ಹೇಳಿಯೇ ಹೇಳುತ್ತಾರೆ. ನಿನ್ನೆ ಒಬ್ಬಾಕೆ ದೋಸೆ ಮುರಿಯುತ್ತ ಮಗುವಿಗೆ, "ನೋಡು ಪುಟ್ಟಾ, ಎಷ್ಟು ದೊಡ್ಡ ಬುಟ್ಟಿ," ಎಂದಳು. ನನ್ನ ಮೈಯೆಲ್ಲ ಉರಿದುಹೋಯಿತು. ನನಗೆ ಕೋಪ ಮೂಗಿನ ತುದಿಯಲ್ಲೇ ಇದೆ ಎನ್ನೋಣವೆಂದರೆ ಮೂಗಿಲ್ಲ. ಇದ್ದಿದ್ದರೆ ಅಲ್ಲೇ ಇರುತ್ತಿತ್ತು.

ನಾನು ಹುಟ್ಟಿದ್ದು ಕರಡಿಹಾಸು ಬೆಟ್ಟದ ಬುಡದಲ್ಲಿ, ದೊಡ್ಡಮಡು ಕೆರೆಯ ದಡದ ಮೇಲೆ. ನನ್ನನ್ನು ಕಟ್ಟಿದವನು ಬೆಸ್ತರ ಕರಿಬೋರಯ್ಯ. ಬೆಟ್ಟದಿಂದ ಬಿದಿರು ಕಡಿದು ತಂದು, ನೀರಲ್ಲಿ ನೆನೆಹಾಕಿ, ದಬ್ಬೆ ಸೀಳಿ, ನೆಲದ ಮೇಲೆ ಹರಡಿ ಹೆಣೆದ. ಮೂರನೆಯ ದಿನ ದಬ್ಬೆಗಳ ತುದಿಯನ್ನು ಬಗ್ಗಿಸಿ ಮೇಲೆತ್ತಿ ಅಂಚು ಕಟ್ಟಿದ. ಅವನ ಅಪ್ಪನ ಕಾಲದಲ್ಲಿ ಹೊರಮೈಗೆ ಚರ್ಮ ಹೊದಿಸುತ್ತಿದ್ದರಂತೆ. ನನಗೆ ಸಿಕ್ಕಿದ್ದು ಗೊಬ್ಬರದ ಪ್ಲಾಸ್ಟಿಕ್ ಚೀಲಗಳು. ಅವನ್ನು ಜೋಡಿಸಿ ಹೊಲಿದು, ಮೇಲೆ ಕಾದ ಟಾರು ಬಳಿದ. ಒಳಗಿನಿಂದ ನೋಡಿದರೆ ದಬ್ಬೆಗಳ ಸಂದಿಯಲ್ಲಿ 'ಯೂರಿಯಾ' ಎಂಬ ಅಕ್ಷರ ಇವತ್ತಿಗೂ ಕಾಣುತ್ತದೆ. ಅದಕ್ಕೆ ನನಗೇನೂ ನಾಚಿಕೆಯಿಲ್ಲ. ಹುಟ್ಟನ್ನು ನೋಡಿ ಯಾರೂ ನನ್ನನ್ನು ಹತ್ತುತ್ತಿರಲಿಲ್ಲ, ಆಚೆ ದಡ ಸೇರಬೇಕಿತ್ತು, ಹತ್ತುತ್ತಿದ್ದರು.

ಕರಿಬೋರಯ್ಯನಿಗೆ ಗಂಡುಮಕ್ಕಳಿರಲಿಲ್ಲ. ಮಗಳು ಹೊಂಬಾಳಮ್ಮ. ಅವಳ ಗಂಡ ಮನೆ ಅಳಿಯನಾಗಿ ಬಂದ ಒಳ್ಳೆಯ ಮನುಷ್ಯ. ಆದರೆ ಕೆರೆಯ ಕಡೆ ಕಾಲೇ ಹಾಕುತ್ತಿರಲಿಲ್ಲ. ಬೆಸ್ತರಲ್ಲಿ ಹುಟ್ಟಿ ನೀರಿಗೆ ಹೆದರುವವನನ್ನು ನಾನು ನೋಡಿದ್ದು ಅವನೊಬ್ಬನನ್ನೇ. ಹೀಗಾಗಿ ನಾನು ಸಿಕ್ಕಿದ್ದು ಹೊಂಬಾಳಮ್ಮನ ಕೈಗೆ. ಮೊದಲ ದಿನ ಗಂಗಮ್ಮನಿಗೆ ಕಾಯಿ ಒಡೆದು, ಮಗಳ ಕೈಗೆ ಹುಟ್ಟು ಕೊಟ್ಟು, ಕರಿಬೋರಯ್ಯ ಎರಡೇ ಮಾತು ಹೇಳಿದ.

"ಚಪ್ಲಿ ಮೆಟ್ಕಂಡು ಯಾರೂ ಅತ್ತಂಗಿಲ್ಲ. ಆಚೆಯಿಂದ ಕೂಗು ಬಂದ್ರೆ ಓ ಅನ್ಬೇಕು, ಓ ಅಂದ್ಮೇಲೆ ಓಗ್ಬೇಕು. ತುತ್ತು ಬಾಯಲ್ಲಿದ್ರೂ ಸರಿಯೆ. ಕೂಗಿದೋರು ಯಾರು, ಏನು ಅಂತ ಕೇಳಂಗಿಲ್ಲ."

"ಆಯ್ತಪ್ಪ," ಎಂದಳು ಹೊಂಬಾಳಮ್ಮ. ಅಷ್ಟೇ. ಆ ಮೇಲೆ ಹನ್ನೊಂದು ವರ್ಷ ಅದನ್ನೇ ಮಾಡಿದಳು.

ಆಚೆ ದಡದಲ್ಲಿ ಆಚೆದೊಡ್ಡಿ ಎಂಬ ಇಪ್ಪತ್ತು ಮನೆಯ ಊರು. ದನ ಸಾಕುವವರು. ರಸ್ತೆಯಿಲ್ಲ, ಫೋನಿನ ಸಿಗ್ನಲ್ ಇಲ್ಲ. ಕೆರೆ ಸುತ್ತಿ ಬರೋಣವೆಂದರೆ ಏಳು ಮೈಲಿ ಕಾಡು ದಾರಿ, ಅದರಲ್ಲಿ ಆನೆಯೂ ಓಡಾಡುತ್ತದೆ. ಆದ್ದರಿಂದ ಅವರಿಗೂ ಲೋಕಕ್ಕೂ ನಡುವೆ ಇದ್ದದ್ದು ನಾನೊಬ್ಬನೇ. ಹಾಲಿನ ಕ್ಯಾನು, ಬಾಣಂತಿ, ಓಟಿನ ಪೆಟ್ಟಿಗೆ, ಮದುವೆ ಗಂಡು, ಒಂದು ಸಲ ಕಾಲು ಕಟ್ಟಿದ ಎಮ್ಮೆಕರು, ಎಲ್ಲವನ್ನೂ ದಾಟಿಸಿದ್ದೇನೆ. ಅವರ ಪದ್ಧತಿ ಬಹಳ ಸರಳ. ದಡಕ್ಕೆ ಬಂದು ಎರಡು ಕೈಯನ್ನೂ ಬಾಯಿಗೆ ಹಿಡಿದು, "ಹರಿಗೋಲೋ..." ಎಂದು ಕೂಗುತ್ತಾರೆ. ಕೂಗು ಬೆಟ್ಟಕ್ಕೆ ಬಡಿದು ನಮ್ಮ ದಡಕ್ಕೆ ಬರುತ್ತದೆ. ಹೊಂಬಾಳಮ್ಮ, "ಓ... ಬಂದೇ..." ಎನ್ನುತ್ತಾಳೆ. ಮುಗಿಯಿತು, ಇನ್ನು ಅವರು ನಿಶ್ಚಿಂತೆಯಿಂದ ಕೂರಬಹುದು.

ಒಂದು ವಿಷಯ ಚೆನ್ನಾಗಿ ತಿಳಿದುಕೊಳ್ಳಿ. 'ನಾಳೆ ಇಷ್ಟು ಹೊತ್ತಿಗೆ ಬಾ' ಎಂದು ಮೊದಲೇ ಹೇಳಿಡುವ ರೂಢಿ ದೊಡ್ಡಿಯವರಿಗೆ ಇರಲಿಲ್ಲ. ಹಾಗೆ ಹೇಳಿದರೆ, ಕೂಗಿದರೆ ನೀನು ಬರುತ್ತೀಯೋ ಇಲ್ಲವೋ ಎಂಬ ಅನುಮಾನ ನನಗಿದೆ ಎಂದ ಹಾಗೆ. ಹರಿಗೋಲಿನವಳ ಮುಖಕ್ಕೆ ಹೊಡೆದಂತೆ. ಒಬ್ಬ ಹೊಸ ಅಳಿಯ ಹಾಗೆ ಹೇಳಿ ಊರವರ ಕೈಯಲ್ಲಿ ಬೈಸಿಕೊಂಡಿದ್ದ.

ದೊಡ್ಡಿಯ ಶಿವಮಲ್ಲಿ ನನ್ನನ್ನು ಮೊದಲ ಸಲ ಹತ್ತಿದ್ದು ಒಂದನೇ ಕ್ಲಾಸಿಗೆ ಸೇರಿದ ದಿನ. ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಈಚೆ ದಡ ಬರುವವರೆಗೂ ಅತ್ತಳು. ಅಪ್ಪ ಅಮ್ಮ ಕಾಫಿ ತೋಟದ ಕೂಲಿಗೆ ದೂರ ಹೋಗಿದ್ದರು. ಅಜ್ಜಿ ಕೆಂಪಾಜಿಯೇ ಅವಳನ್ನು ಸಾಕುತ್ತಿದ್ದಳು. ಮೂರನೇ ಕ್ಲಾಸಿನ ಹೊತ್ತಿಗೆ ಶಿವಮಲ್ಲಿ ನನ್ನೊಳಗೆ ಕುಳಿತು ಮಗ್ಗಿ ಹೇಳುತ್ತಿದ್ದಳು. ಹೊಂಬಾಳಮ್ಮ ಅದೇ ಲಯಕ್ಕೆ ಹುಟ್ಟು ಹಾಕುತ್ತಿದ್ದಳು. ಏಳರ ಮಗ್ಗಿ ಮುಗಿಯುವ ಹೊತ್ತಿಗೆ ನಡುನೀರು, ಹದಿಮೂರರದ್ದು ಮುಗಿದರೆ ದಡ. ಹೊಂಬಾಳಮ್ಮನಿಗೆ ಓದು ಬರೆಹ ಬರದು, ಆದರೆ ಹದಿಮೂರರ ಮಗ್ಗಿ ಬಾಯಿಪಾಠವಾಗಿತ್ತು. ದೊಡ್ಡಿಯಲ್ಲಿ ಹತ್ತನೇ ಕ್ಲಾಸಿನವರೆಗೆ ಬಂದವರು ಯಾರೂ ಇರಲಿಲ್ಲ. ಶಿವಮಲ್ಲಿ ಬಂದಳು. ಅವಳನ್ನು ಅಲ್ಲಿಗೆ ಮುಟ್ಟಿಸಿದವರಲ್ಲಿ ನಾನೂ ಒಬ್ಬ ಎಂಬ ಹೆಮ್ಮೆ ನನಗಿತ್ತು. ಇರಬಾರದೇ?

ಕರಿಬೋರಯ್ಯ ನನ್ನ ಐದನೆಯ ವರ್ಷದಲ್ಲಿ ತೀರಿಕೊಂಡ. ಎರಡು ಸಲ ನನ್ನ ಚೀಲ ಬದಲಾಯಿತು, ಬಂದವೂ ಯೂರಿಯಾದವೇ, ಹತ್ತಾರು ದಬ್ಬೆ ಹೊಸವಾದವು. ಬೇಸಿಗೆಗೊಂದು ಸಲ ಟಾರು ಬೀಳುತ್ತಿತ್ತು. ಎಲ್ಲ ಸರಿಯಾಗಿಯೇ ಇತ್ತು, ಆ ಪರಮೇಶಿ ಬರುವ ತನಕ.

ಪರಮೇಶಿ ತಾಲ್ಲೂಕು ಊರಿನವನು. ಬಾಯಿ ತುಂಬ ನಗು, ಕೈ ತುಂಬ ಫೋನು. ನಮ್ಮ ದಡದ ಮೇಲಿದ್ದ ಹಳೆಯ ಬಂಗಲೆ ಹಿಡಿದು ರೆಸಾರ್ಟು ಮಾಡಿದ. ಕೆರೆಯಲ್ಲಿ ದೋಣಿ ಬಿಡುವ ಪರ್ಮಿಷನ್ನನ್ನೂ ತನ್ನ ಹೆಸರಿಗೆ ಮಾಡಿಸಿಕೊಂಡ. ಆಮೇಲೆ ದಾರಿ ಬದಿಯಲ್ಲಿ ಆಳೆತ್ತರದ ಒಂದು ಬೋರ್ಡು ನೆಟ್ಟ. 'ಬೆಟ್ಟ, ಕೆರೆ, ನೀವು: ಇಲ್ಲಿ ಮಾಡಲೇಬೇಕಾದ ಹತ್ತು ಕೆಲಸಗಳು.'

ಕೆಲಸಗಳಂತೆ. ಜನ್ಮದಲ್ಲಿ ಒಂದು ಕೆಲಸ ಮಾಡದವರು ರಜೆಗೆ ಬಂದು ಹತ್ತು ಕೆಲಸ ಮಾಡಬೇಕಂತೆ. ಒಂದನೆಯದು ಬೆಟ್ಟದ ತುದಿಯಲ್ಲಿ ಸೂರ್ಯ ಹುಟ್ಟುವುದನ್ನು ನೋಡುವುದು. ಅವರು ನೋಡದಿದ್ದರೆ ಅವನು ಹುಟ್ಟುವುದಿಲ್ಲವೇನೋ. ಇನ್ನೊಂದು, ಗಾಳ ಹಾಕಿ ಮೀನು ಹಿಡಿದು ಫೋಟೋ ತೆಗೆಸಿಕೊಂಡು ಮತ್ತೆ ನೀರಿಗೇ ಬಿಡುವುದು. ಇದನ್ನು ಕೇಳಿದ ದಿನ ಹೊಂಬಾಳಮ್ಮ ಹುಟ್ಟು ಕೆಳಗಿಟ್ಟು, "ಬುಡಾಕೆ ಇಡಿಯಾದ್ಯಾಕೆ?" ಎಂದು ಕೇಳಿದಳು. ಹತ್ತನೆಯ ಕೆಲಸ, ಏನೂ ಮಾಡದೆ ಸುಮ್ಮನೆ ಕೂರುವುದು. ಅದೊಂದನ್ನು ಮಾಡಿದವರನ್ನು ನಾನು ಕಾಣಲಿಲ್ಲ. ಮಾಡಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಏಳನೆಯ ಕೆಲಸ ನಾನು. 'ಹರಿಗೋಲಿನಲ್ಲಿ ಗಿರಗಿರ.'

"ದೊಡ್ಡಿಯವರನ್ನ ದಾಟಿಸ್ಕೊಳ್ಳಿ ಅಮ್ಮಾ, ನಾನು ಅಡ್ಡ ಬರಲ್ಲ," ಎಂದಿದ್ದ ಪರಮೇಶಿ. "ಮಿಕ್ಕಿದ ಟೈಮಲ್ಲಿ ನಮ್ಮ ಗೆಸ್ಟ್‌ಗಳಿಗೆ ಒಂದೊಂದು ರೌಂಡು ಕೊಡಿ. ಮಧ್ಯಕ್ಕೆ ಹೋಗಿ ಬುಗುರಿ ಥರ ತಿರುಗಿಸಬೇಕು, ಅಷ್ಟೇ."

ಬೆಸ್ತರಲ್ಲಿ ಹರಿಗೋಲು ತಿರುಗಿದರೆ ಅದು ಕಲಿಯುವವರ ಗುರುತು. ಹುಟ್ಟು ಹಾಕಲು ಬಾರದ ಎಳೆಯರು ನಡುನೀರಲ್ಲಿ ಗಿರಗಿರ ತಿರುಗಿ ದಡದವರ ಎದುರು ನಗೆಪಾಟಲಾಗುತ್ತಾರೆ. ಈಗ ಆ ನಗೆಪಾಟಲನ್ನೇ ಹೊಂಬಾಳಮ್ಮ ದಿನಕ್ಕೆ ಇಪ್ಪತ್ತು ಸಲ ಬೇಕೆಂದೇ ಮಾಡಬೇಕು. ಬೇಡವೆಂದರೆ ಪರ್ಮಿಷನ್ ಅವನದು, ದೊಡ್ಡಿಯವರ ದಾರಿಯೂ ಅವನ ಕೈಯಲ್ಲಿ. ಅವಳು ಹಲ್ಲು ಕಚ್ಚಿ ತಿರುಗಿಸಿದಳು. ಒಳಗಿದ್ದವರು ಕಿರುಚಿದರು, ಒಬ್ಬ ವಾಂತಿ ಮಾಡಿದ. ಚಪ್ಪಲಿ ಬಿಡಿ ಎಂದರೆ, "ಬೋಟಲ್ಲಿ ಯಾರು ಆಂಟಿ ಚಪ್ಲಿ ಬಿಡ್ತಾರೆ?" ಎಂದರು. ನಾನು ಅದನ್ನೂ ತಾಳಿಕೊಂಡೆ. ದೊಡ್ಡಿಯ ಕೂಗಿಗೆ ಹೋಗಲು ಬಿಟ್ಟಿದ್ದಾರಲ್ಲ, ಅಷ್ಟು ಸಾಕು ಎಂದುಕೊಂಡೆ.

ಆ ಕೂಗಿಗೂ ಕಲ್ಲು ಬಿತ್ತು.

ಅದು ಶುರುವಾದದ್ದು ಒಂದು ಜನವರಿಯ ಮುಂಜಾನೆ. ಆಚೆ ದಡದಲ್ಲಿ ಪರಮೇಶಿ ಟೆಂಟು ಹಾಕಿಸಿದ್ದ, ಅದು ಐದನೆಯ ಕೆಲಸ, ಅದಕ್ಕೂ ಜನರನ್ನು ದಾಟಿಸಿದ್ದು ನಾನೇ. ಟೆಂಟಿನ ಒಬ್ಬ ಹುಡುಗ ಹಲ್ಲುಜ್ಜುತ್ತ ನಿಂತಿದ್ದಾಗ ಕೆಂಪಾಜಿ ಬಂದು, "ಹರಿಗೋಲೋ..." ಎಂದಳು. ಕೆರೆಯ ಮೇಲೆ ಕಣ್ಣಿಗೆ ಏನೂ ಕಾಣದಷ್ಟು ಮಂಜು. ಮಂಜಿನೊಳಗಿಂದ ಹೊಂಬಾಳಮ್ಮನ 'ಓ' ಬಂತು, ಆಮೇಲೆ ನಾನು ಬಂದೆ. ಹುಡುಗ ಅದನ್ನು ವಿಡಿಯೋ ಮಾಡಿದ. ಮುಂದಿನ ವಾರ ಬಂದವರೆಲ್ಲ ಅದನ್ನು ನೋಡಿಕೊಂಡೇ ಬಂದಿದ್ದರು.

ಮೊದಲ ಸುಳ್ಳು ಕೂಗಿಗೆ ನಾವು ಹೋದಾಗ ದಡದಲ್ಲಿ ಯಾರೂ ಇರಲಿಲ್ಲ. ಪೊದೆಯ ಹಿಂದೆ ನಾಲ್ಕು ಜನ ಫೋನು ಹಿಡಿದು ನಗುತ್ತಿದ್ದರು. "ಬಂತು, ಬಂತು, ನಿಜವಾಗ್ಲೂ ಬಂತು," ಎಂದರು. ಹೊಂಬಾಳಮ್ಮನಿಗೆ ಅರ್ಥವಾಗಲಿಲ್ಲ. "ಯಾರ್ರಪ್ಪಾ ಕೂಗಿದ್ದು, ಎಲ್ಲಿಗೋಗ್ಬೇಕು?" ಎಂದು ಕೇಳಿದಳು. ಅವರು ಇನ್ನೂ ಜೋರಾಗಿ ನಕ್ಕರು. ಎರಡನೆಯ ಸಲ, ಮೂರನೆಯ ಸಲ, ಹತ್ತನೆಯ ಸಲವೂ ಅವಳು ಹೋದಳು. ಕೂಗಿದವರು ಯಾರೆಂದು ಕೇಳಬಾರದು, ಓ ಎನ್ನಬೇಕು, ಹೋಗಬೇಕು. ಅಪ್ಪನಿಗೆ ಕೊಟ್ಟ ಮಾತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರಲ್ಲ, ಅವಳ ತೋಳಿನ ಸಂಕಟ ನನ್ನ ದಬ್ಬೆಗೆ ಗೊತ್ತಾಗುತ್ತಿತ್ತು.

ಕೊನೆಗೆ ಅವಳು ಪರಮೇಶಿಯ ಮುಂದೆ ಹೋಗಿ ನಿಂತಳು.

"ಪರಮೇಶಪ್ಪ, ನಿಮ್ಮೋರಿಗೆ ಏಳಿ. ಸುಮ್ಸುಮ್ನೆ ಕೂಗ್ತಾವ್ರೆ. ನಿಜವಾದ್ ಕೂಗು ಯಾವ್ದು, ಸುಳ್ಳು ಯಾವ್ದು ಅಂತ ನಂಗೆ ಎಂಗೆ ತಿಳೀಬೇಕು?"

ಪರಮೇಶಿ ನಕ್ಕ. "ಕಸ್ಟಮರ್‌ಗೆ ಖುಷಿ ಆಗ್ತಿದೆ ಬಿಡಿ ಅಮ್ಮಾ. ದೊಡ್ಡಿಯವರಿಗೆ ಫೋನ್ ಮಾಡೋಕೆ ಹೇಳಿ."

"ಅಲ್ಲಿ ಫೋನ್ ಎಲ್ಲಿ ಸಿಕ್ತದೆ?"

"ಅದಕ್ಕೆ ನಾನೇನ್ ಮಾಡ್ಲಿ?"

ಎರಡು ದಿನ ಬಿಟ್ಟು ನೋಡಿದರೆ ಬೋರ್ಡಿನ ಆರನೆಯ ಕೆಲಸ ಬದಲಾಗಿತ್ತು. ಮೊದಲು ಅಲ್ಲಿ ಬರೀ 'ಎಕೋ ಪಾಯಿಂಟ್' ಎಂದಿತ್ತು. ಈಗ ಹೊಸ ಬಣ್ಣದಲ್ಲಿ, 'ಆಚೆ ದಡದಲ್ಲಿ ನಿಂತು ಹರಿಗೋಲೋ ಎಂದು ಕೂಗಿ, ಹರಿಗೋಲು ತಾನಾಗಿ ಬರುವ ಸೋಜಿಗ ನೋಡಿ.' ತಾನಾಗಿ. ಒಂದು ಹೆಂಗಸು ಅರ್ಧ ಗಂಟೆ ಹುಟ್ಟು ಹಾಕಿಕೊಂಡು ಬರುವುದಕ್ಕೆ ಅವನು ಇಟ್ಟ ಹೆಸರು ಅದು. ನಾನು ಹೇಳುತ್ತೇನೆ, ಆ ಪದ ಬರೆದವನ ಕೈಗೆ ಒಂದು ದಿನ ಹುಟ್ಟು ಕೊಡಬೇಕಿತ್ತು, ತಾನಾಗಿ ಏನೇನು ಬರುತ್ತದೆ ನೋಡುತ್ತಿದ್ದ.

ಮಾರ್ಚಿ ಕೊನೆಗೆ ಶಿವಮಲ್ಲಿಯ ಪರೀಕ್ಷೆ ಬಂತು. ಮೊದಲ ಎರಡು ಪರೀಕ್ಷೆಗೆ ಅವಳು ಕೂಗಿದಳು, ನಾವು ಹೋದೆವು, ಅವಳು ಬಸ್ಸು ಹತ್ತಿದಳು. ನಡುವೆ ರಜೆಯ ದಿನಗಳಿದ್ದವು. ಮುಂದಿನದು ಯಾವತ್ತು ಎಂದು ಹೊಂಬಾಳಮ್ಮ ಕೇಳಲಿಲ್ಲ, ಶಿವಮಲ್ಲಿ ಹೇಳಲಿಲ್ಲ. ಕೇಳುವ, ಹೇಳುವ ರೂಢಿಯೇ ಇರಲಿಲ್ಲವಲ್ಲ. ಅದು ಶನಿವಾರವಿತ್ತು. ಗಣಿತ.

ಶುಕ್ರವಾರ ಸಂಜೆಯೇ ಆಚೆ ದಡದಲ್ಲಿ ಆರು ಟೆಂಟು ಎದ್ದಿದ್ದವು. ಶನಿವಾರ ಬೆಳಕು ಹರಿಯುವ ಮುಂಚೆಯೇ ಮೊದಲ ಕೂಗು. ಹೊಂಬಾಳಮ್ಮ ಓ ಎಂದಳು, ಹೋದೆವು. ಯಾರೂ ಇಲ್ಲ, ನಗು. ಹಿಂದಿರುಗಿ ಬಂದು ಒಲೆ ಹಚ್ಚುವಷ್ಟರಲ್ಲಿ ಎರಡನೆಯ ಕೂಗು. ಮತ್ತೆ ಹೋದೆವು. ಈ ಸಲ ಒಬ್ಬ ಕಂಬಳಿ ಹೊದ್ದುಕೊಂಡು ದಡಕ್ಕೇ ಬಂದ. "ಸಾರಿ ಆಂಟಿ, ರೆಕಾರ್ಡ್ ಆಗ್ಲಿಲ್ಲ. ಇನ್ನೊಂದು ಸಲ ಹೋಗಿ ಬರ್ತೀರಾ? ನಾವು ಕೂಗ್ತೀವಿ," ಎಂದ. ಬಹಳ ವಿನಯವಾಗಿ ಕೇಳಿದ. ಕೆಟ್ಟವನಲ್ಲ ಅವನು. ನನ್ನ ಸಿಟ್ಟೆಲ್ಲ ಅಲ್ಲೇ ಇರುವುದು. ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು.

ಹೊಂಬಾಳಮ್ಮ ಹುಟ್ಟು ತಿರುಗಿಸಿ ಹಿಂದಿರುಗಿದಳು. ನನ್ನನ್ನು ದಡಕ್ಕೆ ಎಳೆದು, ಪಕ್ಕದಲ್ಲೇ ಕುಳಿತು ರೊಟ್ಟಿ ಬಿಚ್ಚಿದಳು. ಆಗ ಮೂರನೆಯ ಕೂಗು ಬಂತು.

"ಹರಿಗೋಲೋ..."

ಅದು ಶಿವಮಲ್ಲಿಯ ದನಿ. ಮಂಜಿನಲ್ಲಿ ತೇವವಾಗಿ, ಬೆಟ್ಟಕ್ಕೆ ಬಡಿದು ಒಡೆದು ಬಂದರೂ ನನಗೆ ಗುರುತು ಸಿಕ್ಕಿತು. ಇಷ್ಟು ವರ್ಷ ಮಗ್ಗಿ ಕೇಳಿದವನಿಗೆ ಸಿಗದೆ ಇರುತ್ತದೆಯೇ? ಹೊಂಬಾಳಮ್ಮನೂ ಒಂದು ಕ್ಷಣ ಕತ್ತು ಎತ್ತಿದಳು. ಅಷ್ಟರಲ್ಲಿ ಟೆಂಟಿನವರಿಗೆ ಉತ್ಸಾಹ ಬಂತು. ಯಾರೋ ಕೂಗಿದರು, ನಾವೂ ಕೂಗೋಣ ಎಂದು ಹತ್ತು ಹನ್ನೆರಡು ಗಂಟಲು ಒಟ್ಟಿಗೆ ಸೇರಿ, "ಹರಿಗೋಲೋ, ಹರಿಗೋಲೋ," ಎಂದು ಅರಚಿದವು. ಒಬ್ಬ ಸೀಟಿ ಹೊಡೆದ. ಶಿವಮಲ್ಲಿಯ ದನಿ ಅದರೊಳಗೆ ಮುಳುಗಿತು.

"ಕೂಗ್ಲಿ ಬುಡು," ಎಂದಳು ಹೊಂಬಾಳಮ್ಮ. "ಗಂಟ್ಲು ಅರ್ಕಳ್ಲಿ." ರೊಟ್ಟಿ ಮುರಿದು ಬಾಯಿಗಿಟ್ಟಳು.

ನನಗೆ ಬಾಯಿಲ್ಲ. ಅವತ್ತು ನನ್ನನ್ನು ಕಟ್ಟಿದವನ ಮೇಲೂ ನನಗೆ ಕೋಪ ಬಂತು. ಇಷ್ಟು ದಬ್ಬೆ ಹೆಣೆದವನು ಒಂದು ನಾಲಗೆ ಹೆಣೆಯಬಾರದಿತ್ತೇ? ಎದ್ದೇಳು, ಅದು ನಮ್ಮ ಮಗು ಎಂದು ಹೇಳಬೇಕಿತ್ತು. ದಡದ ಮರಳಲ್ಲಿ ಮಿಸುಕದೆ ಬಿದ್ದಿದ್ದೆ. ಕೂಗು ಅರ್ಧ ಗಂಟೆ ಬಂತು. ಟೆಂಟಿನವರು ಬೇಸರವಾಗಿ ನಿಲ್ಲಿಸಿದ ಮೇಲೂ ಒಂದು ದನಿ ಇತ್ತು, ಆದರೆ ಆ ಹೊತ್ತಿಗೆ ಅದು ಕಟ್ಟಿಹೋಗಿತ್ತು, ಹೊಂಬಾಳಮ್ಮ ಪಾತ್ರೆ ತೊಳೆಯಲು ಒಳಗೆ ಹೋಗಿದ್ದಳು. ಆಮೇಲೆ ಅದೂ ನಿಂತಿತು.

ಒಂಬತ್ತು ಗಂಟೆಗೆ ಮಂಜು ಎದ್ದಿತು. ಆಚೆ ದಡದಲ್ಲಿ, ಟೆಂಟುಗಳಿಂದ ದೂರ, ಕೆಂಪಾಜಿ ಒಬ್ಬಳೇ ಕುಳಿತಿರುವುದು ಕಾಣಿಸಿತು. ಕೂಗುತ್ತಿರಲಿಲ್ಲ, ಸುಮ್ಮನೆ ಕುಳಿತಿದ್ದಳು. ಹೊಂಬಾಳಮ್ಮ ಅಷ್ಟು ಜೋರಾಗಿ ಹುಟ್ಟು ಹಾಕಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

"ಕೂಗ್ದೋ ಕಣವ್ವ," ಎಂದಳು ಕೆಂಪಾಜಿ. ಬೈಗುಳವಿಲ್ಲ, ಅಳುವಿಲ್ಲ. "ಮಗ ಕೂಗಿ ಕೂಗಿ ಕಾಡ್ ದಾರೀಲಿ ಓಡ್ತು. ಇವತ್ತು ಲೆಕ್ಕದ ಪರೀಕ್ಷೆಯಂತೆ. ನಿಂಗೆ ಉಸಾರಿಲ್ವೇನೋ ಅಂದ್ಕಂಡೊ."

ನಿನಗೆ ಹುಷಾರಿಲ್ಲವೇನೋ ಎಂದುಕೊಂಡೆವು. ಆ ಮಾತು ಹೊಂಬಾಳಮ್ಮನ ಎದೆಗೆ ಹೇಗೆ ಹೋಯಿತೋ, ಅವಳು ನನ್ನ ಅಂಚು ಹಿಡಿದು ನೀರಲ್ಲೇ ಕುಸಿದು ಕೂತಳು.

ಶಿವಮಲ್ಲಿ ಏಳು ಮೈಲಿ ಓಡಿ ನಮ್ಮ ದಡದ ರಸ್ತೆಗೆ ಬಂದಾಗ ಹತ್ತೂವರೆ ದಾಟಿತ್ತು. ಮೊಣಕೈ ತರಚಿತ್ತು, ಲಂಗದ ಅಂಚು ಮುಳ್ಳಿಗೆ ಹರಿದಿತ್ತು. ಹೊಂಬಾಳಮ್ಮ ರಸ್ತೆಯಲ್ಲೇ ಕಾಯುತ್ತಿದ್ದಳು. ರೆಸಾರ್ಟಿನ ಜೀಪು ಗೆಸ್ಟುಗಳನ್ನು ಕರೆದುಕೊಂಡು ಬೆಟ್ಟದ ಮೇಲೆ ಹೋಗಿತ್ತು. ಹಾಲಿನ ಟೆಂಪೋ ನಿಲ್ಲಿಸಿ ಇಬ್ಬರೂ ಹತ್ತಿ ಹೋದರು. ಪರೀಕ್ಷೆಯ ಬಾಗಿಲಲ್ಲಿ ನಿಯಮ ನಿಯಮವೇ ಎಂದರಂತೆ. ಮಧ್ಯಾಹ್ನ ಹಿಂದಿರುಗಿ ಬಂದರು. ನಾನು ಶಿವಮಲ್ಲಿಯನ್ನು ಆಚೆಗೆ ದಾಟಿಸಿದೆ. ಅವಳು ಬೆನ್ನು ಹಾಕಿ ಕುಳಿತಿದ್ದಳು. ಇಳಿಯುವಾಗ ಮಾತ್ರ, "ನೀನು ಓ ಅನ್ನಲಿಲ್ಲ," ಎಂದಳು.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಹನ್ನೊಂದು ವರ್ಷ ಕಟ್ಟಿದ ಮಾನ ಹೋಗಿದ್ದು ಒಂದು ವಿಡಿಯೋಗೆ.

ಅವತ್ತೇ ಸಂಜೆ ಹೊಂಬಾಳಮ್ಮ ಬಿದಿರು ಕಡಿಯುವ ಮಚ್ಚು ತೆಗೆದುಕೊಂಡು ಬೋರ್ಡಿನ ಮುಂದೆ ನಿಂತಳು. ಅವಳಿಗೆ ಓದಲು ಬರದು, ಆರನೆಯದು ಯಾವುದು ಎಂದು ತಿಳಿಯದು. ಆದ್ದರಿಂದ ಹತ್ತನ್ನೂ ಕಡಿದಳು. ಗೆಸ್ಟುಗಳು ಫೋನು ಹಿಡಿದು ಸುತ್ತ ನಿಂತರು. ಪರಮೇಶಿ ಓಡಿಬಂದ.

"ನಿಮಗೇನು ತಲೆ ಕೆಟ್ಟಿದೆಯಾ? ಕೂಗಿದವರು ಅವರು, ಹೋಗದೆ ಇದ್ದವರು ನೀವು. ನನ್ನ ಬೋರ್ಡು ಏನ್ ಮಾಡ್ತು?"

"ನಾನು ಓಗ್ಲಿಲ್ಲ. ಅದು ನನ್ ತಪ್ಪೇ," ಎಂದಳು ಹೊಂಬಾಳಮ್ಮ, ಮಚ್ಚು ಕೆಳಗಿಳಿಸದೆ. "ಸಾಯೋಗಂಟ ನಾನದ ಒತ್ಕತೀನಿ. ನಿನ್ ತಪ್ಪ ನೀನ್ ಒತ್ಕೊ. ಕೂಗು ಅಂದ್ರೆ ಏನು ಅಂತ ನಿಂಗೆ ಏಳಿದ್ದೆ. ಏಳಿದ್ಮೇಲೂ ನೀನು ಅದ್ಕೆ ಬಣ್ಣ ಬಳ್ದೆ."

ಮರುದಿನ ಪರಮೇಶಿಯ ನಾಲ್ಕು ಜನ ಬಂದು ನನ್ನನ್ನು ಎತ್ತಿಕೊಂಡು ಹೋದರು. ಬೋರ್ಡಿನ ನಷ್ಟಕ್ಕೆ ಹರಿಗೋಲು, ಇನ್ನು ಮುಂದೆ ಪರ್ಮಿಷನ್ ಇಲ್ಲದೆ ಯಾರೂ ಕೆರೆಗೆ ಇಳಿಯುವಂತಿಲ್ಲ ಎಂದು ಪರಮೇಶಿಯ ಅಪ್ಪಣೆ. ಅವನು ಪೇಟೆಯಿಂದ ಹಂಸದ ಮುಖದ ಎರಡು ಪೆಡಲ್ ಬೋಟು ತರಿಸಿದ. ಅವು ಈಚೆ ದಡದ ಹತ್ತಿರವೇ ಸುತ್ತುತ್ತವೆ, ಆಚೆಗೆ ಹೋಗುವುದಿಲ್ಲ.

ನನ್ನನ್ನು ರೆಸಾರ್ಟಿನ ಊಟದ ಹಾಲಿನಲ್ಲಿ ತಲೆಕೆಳಗಾಗಿ ನೇತುಹಾಕಿದರು. ಹೊಟ್ಟೆಯೊಳಗೆ ಐದು ಬಲ್ಬು, ಅಂಚಿಗೆ ಪ್ಲಾಸ್ಟಿಕ್ಕಿನ ಬಳ್ಳಿ. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು. ನಾನು ಹೆಣವೂ ಅಲ್ಲ, ಅದೇ ತೊಂದರೆ. ನನಗೆ ಎಲ್ಲವೂ ಕೇಳುತ್ತದೆ, ಕಿಟಕಿಯಿಂದ ಕೆರೆಯೂ ಕಾಣುತ್ತದೆ. ಟಾರು ಒಣಗಿ ಬಿರುಕು ಬಿಟ್ಟಿದೆ. ಕೆಳಗೆ ಕುಳಿತವರು ಪಲಾವು ತಿನ್ನುತ್ತ, ಇಲ್ಲಿ ನೋಡುವುದೆಲ್ಲ ಮುಗಿಯಿತು, ಇನ್ನೇನು ಮಾಡೋಣ ಎನ್ನುತ್ತಾರೆ. ಕೆಲವು ದಿನ ಆಚೆ ದಡದಿಂದ ಕೂಗು ಬರುತ್ತಿತ್ತು, ಅಭ್ಯಾಸ ಬಿಡದ ಮುದುಕರದ್ದು. ಆಮೇಲೆ ಬರಲಿಲ್ಲ. ದೊಡ್ಡಿಯವರು ಕಾಡು ದಾರಿ ಹಿಡಿದರು. ಹಾಲು ಒಡೆಯತೊಡಗಿತು, ಮೂರು ಎಳೆಯ ಮಕ್ಕಳು ಶಾಲೆ ಬಿಟ್ಟರು. ಇದನ್ನು ನಾನು ಕೇಳಿದ್ದು ಹಾಲಿನ ಟೆಂಪೋದವನು ಅಡುಗೆಯವನಿಗೆ ಹೇಳುವಾಗ.

ಜೂನ್ ಮೊದಲ ವಾರ, ಒಂದು ಮಧ್ಯಾಹ್ನ, ಊಟದ ಹಾಲು ತುಂಬಿತ್ತು. ಹೊಂಬಾಳಮ್ಮ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಳು. ಹಿಂದೆ ಶಿವಮಲ್ಲಿ, ಕೈಯಲ್ಲಿ ಗೋಣಿದಾರದ ಉಂಡೆ, ಒಂದು ನೋಟುಬುಕ್ಕು. ಹೊಂಬಾಳಮ್ಮ ನೇರವಾಗಿ ನನ್ನ ಕೆಳಗಿನ ಟೇಬಲ್ಲಿಗೆ ಬಂದು, ಅಲ್ಲಿ ಕುಳಿತವರಿಗೆ, "ವಸಿ ಎಲೆ ಅತ್ಲಾಗೆ ಸರ್ಸಿ," ಎಂದು ಹೇಳಿ, ಸೀರೆ ಎತ್ತಿ ಕಟ್ಟಿ ಟೇಬಲ್ ಹತ್ತಿದಳು. ಅವರು ಎಲೆ ಸರಿಸಿದರು. ಇದು ಹನ್ನೊಂದನೆಯ ಕೆಲಸ ಎಂದುಕೊಂಡರೋ ಏನೋ, ಫೋನೂ ತೆಗೆದರು.

ಅವಳ ಕೈ ನನ್ನ ಅಂಚಿಗೆ ತಾಗಿತು. ಎರಡು ತಿಂಗಳಾಗಿತ್ತು.

ಕರಿಬೋರಯ್ಯ ಮಗಳಿಗೆ ಹುಟ್ಟು ಹಾಕುವುದನ್ನು ಕಲಿಸಿದ್ದ, ಹರಿಗೋಲು ಕಟ್ಟುವುದನ್ನು ಕಲಿಸಿರಲಿಲ್ಲ. ಹೆಣ್ಣುಮಗಳು ಕಟ್ಟುವುದು ಬೇಡ ಎಂದಿದ್ದನೋ, ಇನ್ನೂ ಕಾಲವಿದೆ ಎಂದಿದ್ದನೋ. ಅವನ ಅಳತೆ ಇದ್ದದ್ದು ನನ್ನ ಮೈಯಲ್ಲಿ ಮಾತ್ರ. ಅದನ್ನು ತೆಗೆದುಕೊಂಡು ಹೋಗಲು ಬಂದಿದ್ದಳು. ದಾರ ಹಿಡಿದು ಈ ಅಂಚಿನಿಂದ ಆ ಅಂಚಿಗೆ, ಅಂಚಿನಿಂದ ತಳಕ್ಕೆ ಅಳೆದಳು, ಪ್ರತಿ ಅಳತೆಗೂ ಒಂದು ಗಂಟು ಹಾಕಿದಳು. ಶಿವಮಲ್ಲಿ ಕೆಳಗೆ ನಿಂತು ದಬ್ಬೆ ಎಣಿಸಿ ಬರೆದುಕೊಂಡಳು. ಮುಖ ಇನ್ನೂ ಬಿಗಿದೇ ಇತ್ತು.

"ಉದ್ದಕ್ಕೆ ಐದು ಮೊಳ. ಅಡ್ಡಕ್ಕೆ ಐದಕ್ಕೆ ನಾಲ್ಕು ಬೆರಳು ಕಮ್ಮಿ," ಎಂದಳು ಹೊಂಬಾಳಮ್ಮ.

ಶಿವಮಲ್ಲಿ ಪೆನ್ಸಿಲ್ ಕಚ್ಚಿ ಲೆಕ್ಕ ಹಾಕಿದಳು. "ಹಂಗಾದ್ರೆ ಇದು ಗುಂಡಗಿಲ್ಲ. ಮೊಟ್ಟೆ ಥರ ಐತೆ."

ಹನ್ನೊಂದು ವರ್ಷ ನನ್ನಷ್ಟು ದುಂಡು ಯಾರಿಲ್ಲ ಎಂದು ಬೀಗಿದ್ದೆ. ಮೊಟ್ಟೆಯಂತೆ. ಹೊಂಬಾಳಮ್ಮ ಮಾತ್ರ ಆಶ್ಚರ್ಯಪಡಲಿಲ್ಲ. "ಗೊತ್ತು ಕಣವ್ವ. ಎಡಕ್ಕೆ ಎಳೀತಿತ್ತು. ನಾನೇ ವಸಿ ಒತ್ತಿ ಆಕ್ತಿದ್ದೆ. ಒಸುದ್ನ ಗುಂಡಗೇ ಕಟ್ಟನ," ಎಂದಳು. ಅವಮಾನ ನುಂಗಿಕೊಂಡೆ. ಹೇಳಿದವಳು ಅವಳು ತಾನೇ.

ಅಷ್ಟರಲ್ಲಿ ಪರಮೇಶಿ ಬಂದ. "ಕೆಳಗಿಳೀರಿ. ಯಾರ್ನ ಕೇಳಿ ಒಳಗೆ ಬಂದ್ರಿ? ಹೊಸದು ಕಟ್ಟಿದ್ರೂ ಕೆರೆಗೆ ಇಳಿಸೋ ಹಾಗಿಲ್ಲ, ಗೊತ್ತಲ್ಲ?"

ಉತ್ತರ ಕೊಟ್ಟವಳು ಶಿವಮಲ್ಲಿ. "ದೊಡ್ಡಿಯವರೆಲ್ಲ ಸೈನು, ಹೆಬ್ಬೆಟ್ಟು ಹಾಕಿ ಅರ್ಜಿ ಕೊಟ್ಟಿದ್ದೀವಿ. ನಾನೇ ಬರ್ದಿದ್ದು."

"ಅದು ಯಾವಾಗ ಬರುತ್ತೋ. ಅಲ್ಲೀವರೆಗೆ?"

"ಅಲ್ಲೀಗಂಟ ಇಳುಸ್ತೀನಿ," ಎಂದಳು ಹೊಂಬಾಳಮ್ಮ, ಕೊನೆಯ ಗಂಟು ಬಿಗಿಯುತ್ತ. "ನೀನು ಯಾರ್ನ ಕರ್ಕಂಡ್ ಬತ್ತೀಯೊ ಕರ್ಕಂಡ್ ಬಾ. ನಡುನೀರಲ್ಲಿ ಮಾತಾಡನ."

ಊಟಕ್ಕೆ ಕುಳಿತವರೆಲ್ಲ ಪರಮೇಶಿಯನ್ನೇ ನೋಡುತ್ತಿದ್ದರು. ಅವನು ನಗಲು ನೋಡಿದ, ಆಗಲಿಲ್ಲ. ಅಡುಗೆಯವನ ಮೇಲೆ ಯಾವುದೋ ನೆಪದಲ್ಲಿ ಕೂಗಾಡುತ್ತ ಒಳಗೆ ಹೋದ.

ಹೊಂಬಾಳಮ್ಮ ಟೇಬಲ್ಲಿಂದ ಇಳಿದಳು. ದಾರ ಸುತ್ತಿಕೊಳ್ಳುತ್ತ, ಹುಡುಗಿಯ ಮುಖ ನೋಡದೆ ಕೇಳಿದಳು. "ತಿರ್ಗಾ ಪರೀಕ್ಷೆ ಯಾವತ್ತವ್ವ?"

ಶಿವಮಲ್ಲಿ ಪೆನ್ಸಿಲನ್ನು ಜಡೆಗೆ ಸಿಕ್ಕಿಸಿದಳು.

"ಕೂಗ್ತೀಯ ಅಂತ ನಾನ್ ಕುಂತ್ಕಳಲ್ಲ. ಏಳಿಡು. ಇಂತಾ ದಿನ, ಇಷ್ಟೊತ್ಗೆ ಅಂತ ಏಳಿಡು. ಅದ್ಕೆ ಒಂದ್ ಗಂಟೆ ಮುಂಚೆ ನಾನು ಆಚೆ ದಡದಲ್ಲಿರ್ತೀನಿ."

ದೊಡ್ಡಿಯವರ ಮುಂದೆ ಯಾರೂ ಆಡಬಾರದ ಮಾತನ್ನು ಅವಳೇ ತನ್ನ ಬಾಯಿಂದ ಆಡಿದಳು. ನನ್ನನ್ನು ನೇತುಹಾಕಿದಾಗ ಆಗದ ಸಂಕಟ ಆಗ ನನಗಾಯಿತು. ಶಿವಮಲ್ಲಿ ನೋಟುಬುಕ್ಕು ತೆರೆದು ತಾರೀಖು ಹುಡುಕಿದಳು. ಆಮೇಲೆ, "ಹದಿನೆಂಟನೇ ತಾರೀಖು. ಏಳು ಗಂಟೆಗೆ," ಎಂದಳು.

"ಆಯ್ತು," ಎಂದಳು ಹೊಂಬಾಳಮ್ಮ. ಹದಿನೆಂಟಕ್ಕೆ ಇನ್ನೂ ಹನ್ನೆರಡು ದಿನವಿತ್ತು, ಬಿದಿರು ಇನ್ನೂ ಬೆಟ್ಟದಲ್ಲಿತ್ತು. ಇಬ್ಬರೂ ಹೊರಟುಹೋದರು.

ನಾನು ಮುದುಕನಾದೆ. ಇನ್ನು ನನ್ನನ್ನು ಇಳಿಸಿದರೂ ನೀರು ತಾಳುವುದಿಲ್ಲ. ಎಲ್ಲರನ್ನೂ ಕ್ಷಮಿಸಿಬಿಡು, ವಯಸ್ಸಾದ ಮೇಲೆ ಮನಸ್ಸು ಶಾಂತವಾಗಿರಬೇಕು ಎಂದು ಮೊನ್ನೆ ನನ್ನ ಕೆಳಗೆ ಕುಳಿತ ಒಬ್ಬರು ಇನ್ನೊಬ್ಬರಿಗೆ ಬುದ್ಧಿ ಹೇಳುತ್ತಿದ್ದರು. ಹೇಳಿಕೊಳ್ಳಲಿ. ಆ ಗೋಣಿದಾರದಲ್ಲಿ ನನ್ನ ಉದ್ದ, ಅಗಲ, ಆಳ ಎಲ್ಲ ಹೋಗಿದೆ. ನನ್ನ ಸಿಟ್ಟೂ ಜೊತೆಗೆ ಹೋಗಿರಲಿ ಎಂದು ಬೇಡಿಕೊಳ್ಳುತ್ತೇನೆ. ಆ ಹೊಸ ಹರಿಗೋಲಿಗೆ ಟಾರಿನಷ್ಟೇ ಅದೂ ಬೇಕಾಗುತ್ತದೆ.